ಎಸ್. ನಿಜಲಿಂಗಪ್ಪ: ಮತಾಧಿಕಾರದ ಪ್ರಶ್ನೆಯ ಎದುರು ಒಂದು ಬದುಕು

ಎಸ್. ನಿಜಲಿಂಗಪ್ಪನವರ ಬದುಕನ್ನು ಕನ್ನಡದಲ್ಲಿ ಸಾಮಾನ್ಯವಾಗಿ ಏಕೀಕರಣದ ಕಥನದೊಳಗಿಟ್ಟು ಹೇಳಲಾಗುತ್ತದೆ. ಚದುರಿಹೋಗಿದ್ದ ಕನ್ನಡ ಪ್ರದೇಶಗಳು 1956ರ ನವೆಂಬರ್ 1ರಂದು ಒಂದಾದುದು, ಆ ರಾಜ್ಯಕ್ಕೆ ಅವರು ಮೊದಲ ಮುಖ್ಯಮಂತ್ರಿಯಾದುದು ಈ ಕಥನದ ಶಿಖರ. ಅನಂತರದ್ದೆಲ್ಲ ಇಳಿಜಾರು ಎಂಬಂತೆ 1969ರ ಕಾಂಗ್ರೆಸ್ ಒಡಕನ್ನು ನಾಲ್ಕು ಸಾಲುಗಳಲ್ಲಿ ಮುಗಿಸಿಬಿಡುವುದೂ ಉಂಟು. ಇದೇ ಬದುಕನ್ನು ಮತಾಧಿಕಾರದ ಪ್ರಶ್ನೆಯ ಎದುರು ಇಟ್ಟು ನೋಡಿದಾಗ ಅದರ ಸ್ವರೂಪ ಬೇರೆಯಾಗುತ್ತದೆ. ಮತವಿಲ್ಲದ ಜನರ ನಡುವೆ ಹುಟ್ಟಿ, ವಯಸ್ಕರೆಲ್ಲರಿಗೂ ಮತ ಕೊಟ್ಟ ಸಂವಿಧಾನ ಸಭೆಯಲ್ಲಿ ಕುಳಿತು, ಮತದಾರರಿಂದ ಸೋತು, ಒಂದೂ ಮತ ಬೀಳದೆ ಗೆದ್ದು, ತಮ್ಮ ಪಕ್ಷದವರ ಮತವನ್ನು ಕಟ್ಟಿಹಾಕಿದರೆಂಬ ಆಪಾದನೆಗೆ ಗುರಿಯಾಗಿ, ಕೊನೆಗೆ ಆಳುವ ಪಕ್ಷವೊಂದು ಇಡೀ ದೇಶದ ಚುನಾವಣೆಯನ್ನೇ ಮುಂದೂಡಿದುದನ್ನು ಕಂಡ ವ್ಯಕ್ತಿಯ ಬದುಕು ಇದು.

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಗ್ರಾಮದಲ್ಲಿ. ಆಗ ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಹೆಸರಿನ ಮೊದಲಕ್ಷರ ಸೂಚಿಸುವ ಸಿದ್ದವ್ವನಹಳ್ಳಿ ಮಾತ್ರ ಮೈಸೂರು ಸಂಸ್ಥಾನದ ಚಿತ್ರದುರ್ಗ ಸೀಮೆಯದು. ಹೀಗೆ ಹುಟ್ಟೂರು ಬ್ರಿಟಿಷರ ನೇರ ಆಳ್ವಿಕೆಯಲ್ಲಿ, ಮನೆತನದ ಊರು ಮಹಾರಾಜರ ಆಳ್ವಿಕೆಯಲ್ಲಿ ಇದ್ದ ಕನ್ನಡಿಗರ ಪೈಕಿ ಅವರೂ ಒಬ್ಬರು. ಸಣ್ಣ ವ್ಯಾಪಾರದ ಲಿಂಗಾಯತ ಮನೆತನ. ಎಳವೆಯಲ್ಲಿಯೇ ತಂದೆ ತೀರಿಕೊಂಡರು. ದಾವಣಗೆರೆ, ಚಿತ್ರದುರ್ಗಗಳಲ್ಲಿ ಓದಿ, 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ, 1926ರಲ್ಲಿ ಪುಣೆಯಿಂದ ಕಾನೂನು ಪದವಿ ಪಡೆದು ಚಿತ್ರದುರ್ಗದಲ್ಲಿ ವಕೀಲಿ ಆರಂಭಿಸಿದರು. ವಚನಗಳ ಓದು, ಗಾಂಧೀಜಿಯವರ ಬರಹಗಳ ಓದು ಎರಡೂ ಈ ಹೊತ್ತಿಗೆ ಅವರಲ್ಲಿ ನೆಲೆಗೊಂಡಿದ್ದವು.

ಆ ಕಾಲದ ಮತದಾರನು ಯಾರೆಂಬುದನ್ನು ಇಲ್ಲಿ ನೆನೆಯಬೇಕು. ಮದರಾಸು ಪ್ರಾಂತದಲ್ಲಿ ಭೂಕಂದಾಯ, ಆಸ್ತಿ, ತೆರಿಗೆ ಇಲ್ಲವೆ ವಿದ್ಯೆಯ ಅಳತೆಗೋಲಿಗೆ ಒಳಪಟ್ಟವರಿಗಷ್ಟೇ ಮತ. 1935ರ ಕಾಯಿದೆ ಈ ವಲಯವನ್ನು ಹಿಗ್ಗಿಸಿದ ಮೇಲೂ ಬ್ರಿಟಿಷ್ ಪ್ರಾಂತಗಳ ಒಟ್ಟು ಜನಸಂಖ್ಯೆಯ ಆರರಲ್ಲಿ ಒಂದು ಪಾಲನ್ನೂ ಅದು ಮುಟ್ಟಲಿಲ್ಲ. ಹಲವಾಗಲಿನಂತಹ ಊರಿನ ಕೂಲಿಕಾರನಿಗೆ, ಗೇಣಿದಾರನಿಗೆ, ಬಹುಪಾಲು ಹೆಣ್ಣುಮಕ್ಕಳಿಗೆ ಚುನಾವಣೆ ಎಂಬುದು ಊರ ಗೌಡರ, ಸಾಹುಕಾರರ ವ್ಯವಹಾರ. ಗಡಿಯಾಚೆಯ ಮೈಸೂರಿನಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇದ್ದರೂ ಅದಕ್ಕಿದ್ದ ಅಧಿಕಾರ ಅಹವಾಲು ಹೇಳಿಕೊಳ್ಳುವಷ್ಟರದು. ಮಂತ್ರಿಗಳನ್ನು ಇಳಿಸುವ ಶಕ್ತಿ ಅದಕ್ಕಿರಲಿಲ್ಲ. ಮೈಸೂರು ಕಾಂಗ್ರೆಸ್ಸಿನ ಜವಾಬ್ದಾರಿ ಸರ್ಕಾರದ ಬೇಡಿಕೆಯ ತಿರುಳು ಇದೇ ಆಗಿತ್ತು.

1939ರ ತುರುವನೂರು ಸತ್ಯಾಗ್ರಹವನ್ನು ಈ ಹಿನ್ನೆಲೆಯಲ್ಲಿ ಓದುವುದು ಸೂಕ್ತ. ಚಿತ್ರದುರ್ಗದ ಸಮೀಪದ ಈ ಊರಿನಲ್ಲಿ ಈಚಲು ಮರಗಳನ್ನು ಕಡಿಯುವ ಚಳವಳಿಯ ಮುಂಚೂಣಿಯಲ್ಲಿ ನಿಜಲಿಂಗಪ್ಪನವರಿದ್ದರು. ಇದನ್ನು ಪಾನನಿಷೇಧದ ಚಳವಳಿಯೆಂದಷ್ಟೇ ನೋಡುವುದು ವಾಡಿಕೆ. ಈಚಲು ಮರವೆಂದರೆ ಹೆಂಡ, ಹೆಂಡವೆಂದರೆ ಸರ್ಕಾರದ ಅಬಕಾರಿ ವರಮಾನ. ಆಳುವವರನ್ನು ಬದಲಿಸುವ ಮತಚೀಟಿ ಕೈಯಲ್ಲಿಲ್ಲದ ಜನ ಆಳುವವರ ವರಮಾನದ ಬುಡಕ್ಕೆ ಕೊಡಲಿ ಇಟ್ಟರು. ಸೆರೆಮನೆವಾಸ ಅದಕ್ಕೆ ತೆತ್ತ ಬೆಲೆಯಾಯಿತು.

ನಲವತ್ತರ ದಶಕದ ನಡುವಿನಿಂದ ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷತೆ, ಬಳಿಕ ಸಂವಿಧಾನ ಸಭೆಯ ಸದಸ್ಯತ್ವ. ಆ ಸಭೆ ಒಪ್ಪಿದ ಸಂವಿಧಾನದ 326ನೆಯ ವಿಧಿ ಆಸ್ತಿ, ಅಕ್ಷರ, ಲಿಂಗಗಳ ತಡೆಯನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕಿತು. ಆದರೂ ಕಾನೂನಿನಲ್ಲಿ ದೊರೆತ ಮತ ಮತದಾರರ ಪಟ್ಟಿಯಲ್ಲಿ ದೊರೆಯುವುದು ಸುಲಭವಾಗಿರಲಿಲ್ಲ. 1951-52ರ ಮೊದಲ ಮಹಾಚುನಾವಣೆಯ ಪಟ್ಟಿಯಲ್ಲಿ 17 ಕೋಟಿಗೂ ಮಿಕ್ಕಿ ಹೆಸರುಗಳಿದ್ದರೆ, ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರುಗಳು ಪಟ್ಟಿಯಿಂದ ಹೊರಗುಳಿದವು. ಇದು ಬಹುಮಟ್ಟಿಗೆ ಉತ್ತರದ ರಾಜ್ಯಗಳ ಸಂಗತಿ. ಆದರೂ ಪಟ್ಟಿಯನ್ನು ಬರೆಯುವ ಕೈಗೆ ಎಂತಹ ಶಕ್ತಿ ಇದೆಯೆಂಬುದು ಗಣರಾಜ್ಯದ ಮೊದಲ ಚುನಾವಣೆಯಲ್ಲಿಯೇ ಕಂಡುಬಂತು. ಆ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು.

ಅವರ ಹುಟ್ಟೂರಿನವರು ಯಾವ ರಾಜ್ಯದಲ್ಲಿರಬೇಕು ಎಂಬ ಪ್ರಶ್ನೆ ಮಾತ್ರ ಮತಕ್ಕೆ ಬರಲೇ ಇಲ್ಲ. ಆಂಧ್ರ ರಾಜ್ಯದ ರಚನೆಯ ವೇಳೆ ಬಳ್ಳಾರಿ ಜಿಲ್ಲೆಯ ಹಂಚಿಕೆಯನ್ನು ತೀರ್ಮಾನಿಸಿದ್ದು ನ್ಯಾಯಮೂರ್ತಿ ವಾಂಛೂ, ಬಳಿಕ ಬಳ್ಳಾರಿ ತಾಲ್ಲೂಕಿನ ಮಟ್ಟಿಗೆ ನ್ಯಾಯಮೂರ್ತಿ ಮಿಶ್ರಾ ಅವರ ವರದಿಗಳು. 1953ರ ಅಕ್ಟೋಬರ್ 1ರಂದು ಹರಪನಹಳ್ಳಿ ಸೇರಿದಂತೆ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು. ಫಲಿತಾಂಶ ಕನ್ನಡಿಗರಿಗೆ ಹಿತವಾದುದರಿಂದ ವಿಧಾನದ ಪ್ರಶ್ನೆ ಯಾರನ್ನೂ ಅಷ್ಟಾಗಿ ಕಾಡಲಿಲ್ಲ. ಅದೇ ವಿಧಾನ 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದಾಗ ಕಾಡಿತು.

ಏಕೀಕೃತ ರಾಜ್ಯದ ಮುಖ್ಯಮಂತ್ರಿಯಾಗಿ 1957ರ ಚುನಾವಣೆಯನ್ನು ಮೊಳಕಾಲ್ಮೂರಿನಿಂದ ಗೆದ್ದ ನಿಜಲಿಂಗಪ್ಪನವರು ಮರುವರ್ಷವೇ ಪಕ್ಷದೊಳಗಿನ ಬಲಾಬಲದಲ್ಲಿ ಅಧಿಕಾರ ಕಳೆದುಕೊಂಡರು. 1958ರ ಮೇ ತಿಂಗಳಲ್ಲಿ ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಯಾದರು. ಇದಕ್ಕಿಂತ ಹೆಚ್ಚು ಗಮನಿಸಬೇಕಾದುದು 1962ರ ಘಟನಾವಳಿ. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸು 208ರಲ್ಲಿ 138 ಸ್ಥಾನಗಳನ್ನು ಗೆದ್ದಿತು. ಆದರೆ ನಿಜಲಿಂಗಪ್ಪನವರು ಸ್ವಂತ ಜಿಲ್ಲೆಯ ಹೊಸದುರ್ಗದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ. ಟಿ. ರಂಗಪ್ಪನವರ ಎದುರು ಸೋತರು. ರಾಜ್ಯವನ್ನು ಕಟ್ಟಿದ ನಾಯಕನೆಂಬ ಹಿರಿಮೆಯನ್ನು ಹೊಸದುರ್ಗದ ರೈತಾಪಿ ಜನ ತಮ್ಮ ಮತದ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಯಸ್ಕ ಮತಾಧಿಕಾರ ಬಂದು ಹತ್ತೇ ವರ್ಷಗಳಲ್ಲಿ ಸಾಮಾನ್ಯ ಮತದಾರ ಇಂತಹ ಧೈರ್ಯ ತೋರಿದ್ದು ಕರ್ನಾಟಕದ ರಾಜಕೀಯ ಚರಿತ್ರೆಯಲ್ಲಿ ಇನ್ನೂ ತಕ್ಕಷ್ಟು ಅಧ್ಯಯನಕ್ಕೆ ಒಳಗಾಗಬೇಕಾದ ಸಂಗತಿ.

ಮುಂದೆ ನಡೆದದ್ದು ಪಕ್ಷದ ವ್ಯವಸ್ಥೆ. ಎಸ್. ಆರ್. ಕಂಠಿಯವರು ಮಾರ್ಚ್ ತಿಂಗಳಲ್ಲಿ ಮುಖ್ಯಮಂತ್ರಿಯಾಗಿ ಸುಮಾರು ಮೂರು ತಿಂಗಳು ಸ್ಥಾನವನ್ನು ಕಾದಿಟ್ಟರು. ಬಾಗಲಕೋಟೆ ಕ್ಷೇತ್ರ ತೆರವಾಯಿತು. ಉಪಚುನಾವಣೆಯಲ್ಲಿ ಎದುರಾಳಿ ಇಲ್ಲದೆ ನಿಜಲಿಂಗಪ್ಪನವರು ಆಯ್ಕೆಯಾದರು; ಜೂನ್ 21ರಂದು ಮತ್ತೆ ಮುಖ್ಯಮಂತ್ರಿಯಾದರು. ಕಂಠಿಯವರು ಅಧಿಕಾರವನ್ನು ಮರಳಿ ಒಪ್ಪಿಸಿದ ಬಗೆಯನ್ನು ರಾಮನ ಪಾದುಕೆಯನ್ನಿಟ್ಟು ಆಳಿದ ಭರತನಿಗೆ ಹೋಲಿಸಿ ಕೊಂಡಾಡುವ ಪರಿಪಾಠ ಇಂದಿಗೂ ಇದೆ. ಕಂಠಿಯವರ ಸಜ್ಜನಿಕೆ ಪ್ರಶ್ನಾತೀತ. ಹೋಲಿಕೆ ಮಾತ್ರ ಯೋಚಿಸತಕ್ಕದ್ದು. ರಾಮನು ಕಾಡಿಗೆ ಹೋದದ್ದು ಪಿತೃವಾಕ್ಯದಿಂದ. ನಿಜಲಿಂಗಪ್ಪನವರು ಹೊರಗುಳಿದದ್ದು ಮತದಾರರ ತೀರ್ಪಿನಿಂದ. ಹೊಸದುರ್ಗದವರು ಬೇಡವೆಂದವರನ್ನು ಬಾಗಲಕೋಟೆಯವರು ಬೇಕೆಂದರೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ, ಏಕೆಂದರೆ ಅಲ್ಲಿ ಮತಪೆಟ್ಟಿಗೆ ಇಡುವ ಪ್ರಸಂಗವೇ ಬರಲಿಲ್ಲ. ಇಲ್ಲಿ ಯಾವ ಕಾನೂನೂ ಮುರಿದಿಲ್ಲ. ಯಾರ ಹೆಸರನ್ನೂ ಪಟ್ಟಿಯಿಂದ ತೆಗೆದಿಲ್ಲ. ಆಳುವ ಪಕ್ಷದ ಒಳವ್ಯವಸ್ಥೆಯ ಎದುರು ಮತ ಅನಾವಶ್ಯಕವಾಯಿತು, ಅಷ್ಟೇ.

ಆರು ವರ್ಷಗಳ ಈ ಎರಡನೆಯ ಅವಧಿಯ ಸಾಧನೆಗಳು ಸುಪರಿಚಿತ: ಶರಾವತಿ ಜಲವಿದ್ಯುತ್ ಯೋಜನೆ, 1964ರಲ್ಲಿ ಆಲಮಟ್ಟಿಯ ಅಡಿಗಲ್ಲು, 1966ರಲ್ಲಿ ರಚನೆಯಾದ ಮಹಾಜನ್ ಆಯೋಗದ ಎದುರು ರಾಜ್ಯದ ವಾದ. 1967ರಲ್ಲಿ ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ಸು ನೆಲಕಚ್ಚಿದಾಗಲೂ ಮೈಸೂರಿನಲ್ಲಿ 216ರಲ್ಲಿ 126 ಸ್ಥಾನಗಳನ್ನು ಉಳಿಸಿಕೊಂಡದ್ದು ಅವರನ್ನು ರಾಷ್ಟ್ರೀಯ ಅಧ್ಯಕ್ಷ ಪದವಿಯತ್ತ ಒಯ್ದ ಕಾರಣಗಳಲ್ಲೊಂದು. 1968ರ ಜನವರಿಯ ಹೈದರಾಬಾದ್ ಅಧಿವೇಶನದಲ್ಲಿ ಅಧ್ಯಕ್ಷತೆ ವಹಿಸಿದರು. ಮೇ ತಿಂಗಳವರೆಗೆ ಎರಡೂ ಹೊಣೆ ಹೊತ್ತು, ಬಳಿಕ ಮುಖ್ಯಮಂತ್ರಿ ಪದವಿಯನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ನಿಧನರಾದರು. ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿದ ಸಂದರ್ಭದಲ್ಲಿ ಪಕ್ಷದ ಪಾರ್ಲಿಮೆಂಟರಿ ಮಂಡಳಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಈ ಆಯ್ಕೆ ಒಪ್ಪಿಗೆಯಿರಲಿಲ್ಲ. ಆದರೂ ರೆಡ್ಡಿಯವರ ನಾಮಪತ್ರಕ್ಕೆ ಅವರೇ ಸೂಚಕರಾದರು. ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಹೋಯಿತು, ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ವಿ. ವಿ. ಗಿರಿಯವರು ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ಇದೇ ಗಿರಿಯವರು 1965ರಿಂದ 1967ರವರೆಗೆ ಮೈಸೂರಿನ ರಾಜ್ಯಪಾಲರು. ಅವರ ಹೆಸರಿನಲ್ಲಿ ಆಡಳಿತ ನಡೆಸಿದ ಮುಖ್ಯಮಂತ್ರಿ ನಿಜಲಿಂಗಪ್ಪನವರೇ.

ಪಕ್ಷದ ಅಭ್ಯರ್ಥಿಗೇ ಮತ ಹಾಕುವಂತೆ ಸಂಸದರಿಗೆ ವಿಪ್ ಹೊರಡಿಸಬೇಕೆಂದು ನಿಜಲಿಂಗಪ್ಪನವರು ಪ್ರಧಾನಿಯನ್ನು ಕೋರಿದರು. ಅವರು ನಿರಾಕರಿಸಿದರು. ಜಗಜೀವನ ರಾಮ್, ಫಕ್ರುದ್ದೀನ್ ಅಲಿ ಅಹಮದ್ ಮೊದಲಾದವರು ಸ್ವತಂತ್ರ ಮತದ, ಅಂದರೆ ಆತ್ಮಸಾಕ್ಷಿಯ ಮತದ, ಬೇಡಿಕೆ ಮುಂದಿಟ್ಟರು. ಪಕ್ಷದ ಹಿರಿಯರು ಜನಪ್ರತಿನಿಧಿಗಳ ಮತವನ್ನು ಕಟ್ಟಿಹಾಕುತ್ತಿದ್ದಾರೆ ಎಂಬ ಕೋಪ ಬೀದಿಗೆ ಬಂತು. ಬ್ಯಾಂಕ್ ರಾಷ್ಟ್ರೀಕರಣಕ್ಕೆ ಜಯಕಾರ ಹಾಕಿ ಪ್ರಧಾನಿಯ ಮನೆಯ ಮುಂದೆ ನೆರೆಯುತ್ತಿದ್ದ ಗುಂಪುಗಳಿಗೆ ಸಿಂಡಿಕೇಟ್ ಎಂಬ ಪದ ಬೈಗುಳವಾಯಿತು. ತಕರಾರಿನ ತಿರುಳನ್ನು ಶಾಂತವಾಗಿ ನೋಡಿದರೆ ಎರಡೂ ಕಡೆಗೆ ಸ್ವಲ್ಪ ನ್ಯಾಯವಿದೆ. ರಾಷ್ಟ್ರಪತಿ ಚುನಾವಣೆ ಗುಪ್ತ ಮತದಾನದಿಂದ ನಡೆಯಬೇಕೆಂದು ಸಂವಿಧಾನದ 55ನೆಯ ವಿಧಿಯೇ ಹೇಳುತ್ತದೆ. ಗುಪ್ತ ಮತಕ್ಕೆ ವಿಪ್ ಎಂಬುದು ಅರ್ಥವಿಲ್ಲದ ಅಪ್ಪಣೆ. ಇನ್ನೊಂದೆಡೆ, ತಾವೇ ಸೂಚಿಸಿದ ಅಭ್ಯರ್ಥಿಯನ್ನು ತಾವೇ ಸೋಲಿಸುವುದನ್ನು ಆತ್ಮಸಾಕ್ಷಿಯೆಂದು ಕರೆಯುವುದೂ ಸಲೀಸಲ್ಲ. ಆದರೆ ನಿಜಲಿಂಗಪ್ಪನವರು ಇಟ್ಟ ಮುಂದಿನ ಹೆಜ್ಜೆ ಅವರ ವಾದವನ್ನು ಸಡಿಲಗೊಳಿಸಿತು. ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡು, ಅವರ ಅಭ್ಯರ್ಥಿ ಸಿ. ಡಿ. ದೇಶಮುಖರ ನಂತರದ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ರೆಡ್ಡಿಯವರಿಗೆ ಕೇಳಿದರು. ತಮ್ಮವರಿಗೆ ಶಿಸ್ತನ್ನು ವಿಧಿಸಿ, ಎದುರಾಳಿಗಳಿಂದ ಔದಾರ್ಯವನ್ನು ಬೇಡಿದಂತಾಯಿತು. ಆಗಸ್ಟ್ 20ರಂದು ಎಣಿಕೆ ಮುಗಿದಾಗ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮತಮೌಲ್ಯ ದೊರೆತಿತ್ತು. ಎರಡನೆಯ ಪ್ರಾಶಸ್ತ್ಯದ ಎಣಿಕೆಯಿಂದಲೇ ತೀರ್ಮಾನವಾಗಬೇಕಾದಷ್ಟು ಕಿರಿದಾದ ಅಂತರ ಅದು.

ಆಗಸ್ಟ್ 25ರ ಐಕ್ಯ ನಿರ್ಣಯ ಬಿರುಕಿಗೆ ಹಚ್ಚಿದ ಸುಣ್ಣದಂತಿತ್ತು. ಹೊಸ ಅಧ್ಯಕ್ಷರ ಆಯ್ಕೆಗಾಗಿ ಅಖಿಲ ಭಾರತ ಸಮಿತಿಯ ಸಭೆ ಕರೆಯಬೇಕೆಂದು ಪ್ರಧಾನಿಯ ಬಣ ಸದಸ್ಯರ ಸಹಿ ಸಂಗ್ರಹಿಸಿತು, ನಿಜಲಿಂಗಪ್ಪನವರು ಒಪ್ಪಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಫಕ್ರುದ್ದೀನ್ ಅಲಿ ಅಹಮದ್ ಮತ್ತು ಸಿ. ಸುಬ್ರಹ್ಮಣ್ಯಂ ಅವರನ್ನು ಕಾರ್ಯಕಾರಿ ಸಮಿತಿಯಿಂದ ಕೈಬಿಟ್ಟರು. ಸುಬ್ರಹ್ಮಣ್ಯಂ ಅವರ ವಿಷಯದಲ್ಲಿ ತಾಂತ್ರಿಕ ಕಾರಣವೊಂದಿತ್ತು: ತಮಿಳುನಾಡು ಪ್ರದೇಶ ಸಮಿತಿಯ ಅಧ್ಯಕ್ಷತೆಗೆ ರಾಜೀನಾಮೆ ಕೊಟ್ಟುದರಿಂದ ಅವರ ಸದಸ್ಯತ್ವವೂ ಹೋಯಿತೆಂಬ ವಾದ. ಆದರೆ ಎರಡೂ ಬಣಗಳ ಬಲ ಹೆಚ್ಚುಕಡಿಮೆ ಸಮವಾಗಿದ್ದ ಸಮಿತಿಯಲ್ಲಿ ಎರಡು ಮತಗಳನ್ನು ಹೊರಗಿಡುವುದೆಂದರೆ ತೀರ್ಮಾನವನ್ನೇ ಮೊದಲೇ ಬರೆದಿಟ್ಟಂತೆ. ವಕೀಲರಾಗಿದ್ದ ನಿಜಲಿಂಗಪ್ಪನವರಿಗೆ ನಿಯಮದ ಅಕ್ಷರ ತಿಳಿದಿತ್ತು; ಅದು ಜನರ ಕಣ್ಣಿಗೆ ಹೇಗೆ ಕಾಣುತ್ತದೆಂಬುದು ತಿಳಿಯಲಿಲ್ಲವೆಂದೇ ಹೇಳಬೇಕು. ನವೆಂಬರ್ 1ರಂದು, ಏಕೀಕರಣದ ಹದಿಮೂರನೆಯ ವರ್ಷದ ದಿನ, ದೆಹಲಿಯಲ್ಲಿ ಎರಡು ಕಾರ್ಯಕಾರಿ ಸಮಿತಿಗಳು ಬೇರೆಬೇರೆಯಾಗಿ ಸೇರಿದವು. ನವೆಂಬರ್ 12ರಂದು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ಅದೇ ತಿಂಗಳ 22ರಂದು ಪ್ರಧಾನಿಯ ಬಣ ಕರೆದ ಸಭೆಗೆ 705 ಸದಸ್ಯರಲ್ಲಿ 446 ಮಂದಿ ಬಂದರೆಂದು ಆ ಬಣ ಲೆಕ್ಕ ಕೊಟ್ಟಿತು. ಒಂದಾಗಿಸಿದವನೆಂಬ ಹೆಸರು ಗಳಿಸಿದವರ ಅಧ್ಯಕ್ಷತೆಯಲ್ಲಿಯೇ ಕಾಂಗ್ರೆಸ್ಸು ಎರಡಾಯಿತು.

1971ರ ಮಧ್ಯಂತರ ಚುನಾವಣೆಯಲ್ಲಿ ಜೋಡೆತ್ತಿನ ಗುರುತು ಯಾರಿಗೂ ಸಿಗಲಿಲ್ಲ. ಅಕ್ಷರ ಬಾರದ ಮತದಾರ ಎರಡು ದಶಕಗಳಿಂದ ಕಾಂಗ್ರೆಸ್ಸನ್ನು ಗುರುತಿಸುತ್ತಿದ್ದದ್ದು ಆ ಎತ್ತುಗಳಿಂದ. ಈಗ ಒಂದು ಬಣಕ್ಕೆ ಹಸು-ಕರು, ನಿಜಲಿಂಗಪ್ಪನವರ ಬಣಕ್ಕೆ ಚರಕದ ಮುಂದೆ ಕುಳಿತ ಹೆಂಗಸು. ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳೂ ಹಸು-ಕರುವಿನ ಪಾಲಾದವು. ಸಂಸ್ಥಾ ಕಾಂಗ್ರೆಸ್ಸಿಗೆ ಇಡೀ ದೇಶದಲ್ಲಿ ದೊರೆತದ್ದು 16. ವೀರೇಂದ್ರ ಪಾಟೀಲರ ಸರ್ಕಾರ ಉರುಳಿತು. 1972ರಲ್ಲಿ ದೇವರಾಜ ಅರಸು ಬಂದರು. ಮತಪತ್ರಗಳಿಗೆ ರಾಸಾಯನಿಕ ಸವರಿ ಮುದ್ರೆ ಬದಲಾಗುವಂತೆ ಮಾಡಲಾಗಿತ್ತೆಂದು ಜನಸಂಘದ ಬಲರಾಜ್ ಮಧೋಕ್ ಎತ್ತಿದ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಪಾದನೆ ನಿಲ್ಲಲಿಲ್ಲ. ಸೋತವರ ಸಂಕಟ ಅದಕ್ಕೆ ಬಲ ತುಂಬಿತ್ತೆಂಬುದನ್ನು ಅಲ್ಲಗಳೆಯಲಾಗದು. ಹಳೆಯ ಮೈಸೂರು ಮತ್ತು ಉತ್ತರ ಕರ್ನಾಟಕದ ಪ್ರಬಲ ಜಾತಿಗಳ ಹಿಡಿತದಿಂದ ಸಣ್ಣ ಜಾತಿಗಳ ಮತ ಬಿಡಿಸಿಕೊಂಡು ಹೊರಟಿದ್ದೇ ಆ ಸೋಲಿನ ದೊಡ್ಡ ಕಾರಣ. ರಾಸಾಯನಿಕಕ್ಕಿಂತ ಇದನ್ನು ಒಪ್ಪಿಕೊಳ್ಳುವುದು ಹಿರಿಯ ನಾಯಕತ್ವಕ್ಕೆ ಕಷ್ಟವಾಗಿತ್ತು.

ನಿಜಲಿಂಗಪ್ಪನವರು ಕ್ರಮೇಣ ಸಕ್ರಿಯ ರಾಜಕೀಯದಿಂದ ಹಿಂದೆ ಸರಿದರು. ಆಪಾದನೆಯ ದಿಕ್ಕು ತಿರುಗಿದ್ದು ಈ ಹೊತ್ತಿನಲ್ಲಿ. 1975ರ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯ ಪ್ರಧಾನಿಯ ಆಯ್ಕೆಯನ್ನು ರದ್ದುಮಾಡಿತು. 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರೊಂದಿಗೆ ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ ಮಿಶ್ರಾ ಅವರೂ ಬಂಧನಕ್ಕೊಳಗಾದರು. 1976ರ ಮಾರ್ಚಿನಲ್ಲಿ ಮುಗಿಯಬೇಕಿದ್ದ ಲೋಕಸಭೆಯ ಅವಧಿಯನ್ನು ಆ ವರ್ಷ ಎರಡು ಬಾರಿ ಒಂದೊಂದು ವರ್ಷದಂತೆ ವಿಸ್ತರಿಸಲಾಯಿತು. 42ನೆಯ ತಿದ್ದುಪಡಿ ಐದು ವರ್ಷದ ಅವಧಿಯನ್ನು ಆರಕ್ಕೆ ಏರಿಸಿತು. 1969ರಲ್ಲಿ ಕೆಲವು ನೂರು ಪ್ರತಿನಿಧಿಗಳ ಸ್ವತಂತ್ರ ಮತಕ್ಕಾಗಿ ದನಿಯೆತ್ತಿದ್ದ ಪಕ್ಷವೇ ಈಗ ಕೋಟಿಗಟ್ಟಲೆ ಜನರ ಮತವನ್ನು ಮುಂದೂಡಿತ್ತು. ಯಾರ ಹೆಸರನ್ನೂ ಪಟ್ಟಿಯಿಂದ ಅಳಿಸಬೇಕಾಗಿರಲಿಲ್ಲ; ಚುನಾವಣೆಯ ದಿನವನ್ನೇ ಪಂಚಾಂಗದಿಂದ ತೆಗೆದರೆ ಸಾಕಾಗಿತ್ತು. ಪತ್ರಿಕೆಗಳ ಬಾಯಿ ಕಟ್ಟಿದ್ದರಿಂದ ಈ ಕೋಪ ಹೊರಗೆ ಕಾಣದೆ ಒಳಗೇ ಕುದಿಯಿತು.

1977ರ ಜನವರಿ 18ರಂದು ಚುನಾವಣೆ ಘೋಷಣೆಯಾಗಿ, ಸಂಸ್ಥಾ ಕಾಂಗ್ರೆಸ್ಸು ಜನತಾ ಪಕ್ಷದಲ್ಲಿ ಸೇರಿಹೋಯಿತು. ಮಾರ್ಚಿನಲ್ಲಿ ಉತ್ತರ ಭಾರತದ ಮತದಾರರು ಕಾಂಗ್ರೆಸ್ಸನ್ನು ಬುಡಮೇಲು ಮಾಡಿದರು. ಕರ್ನಾಟಕ ಮಾಡಲಿಲ್ಲ. ಇಲ್ಲಿನ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಬೆಂಗಳೂರು ದಕ್ಷಿಣದಲ್ಲಿ ಕೆ. ಎಸ್. ಹೆಗ್ಡೆ, ಹಾಸನದಲ್ಲಿ ನಂಜೇಶಗೌಡ ಮಾತ್ರ ಜನತಾ ಪಕ್ಷದಿಂದ ಗೆದ್ದರು. ಕನ್ನಡಿಗರಿಗೆ ಮತದ ಬೆಲೆ ತಿಳಿಯಲಿಲ್ಲವೆಂದು ಇದನ್ನು ಓದಿದವರುಂಟು. ಆ ಓದು ಸರಿಯೆನಿಸುವುದಿಲ್ಲ. ಬಲವಂತದ ಸಂತಾನಹರಣದಂತಹ ದೌರ್ಜನ್ಯ ಉತ್ತರದಷ್ಟು ಇಲ್ಲಿ ನಡೆಯಲಿಲ್ಲ. 1974ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರನಿಗೆ ಜಮೀನು ಬರುವ ದಾರಿ ತೆರೆದಿತ್ತು. 1975ರ ಹಾವನೂರು ವರದಿ ಹಿಂದುಳಿದವರಿಗೆ ಭರವಸೆ ತಂದಿತ್ತು. ಮತವನ್ನು ಮುಂದೂಡಿದ ಸರ್ಕಾರದಿಂದಲೇ ನೆಲದ ಪಹಣಿ ಪಡೆದವನು ಯಾವುದನ್ನು ಮೇಲೆಂದು ಎಣಿಸಬೇಕಿತ್ತು? ಈ ಪ್ರಶ್ನೆಗೆ ಸಂಸ್ಥಾ ಕಾಂಗ್ರೆಸ್ಸಿನ ಪರಂಪರೆಯಲ್ಲಿ ಉತ್ತರವಿರಲಿಲ್ಲ. ನಿಜಲಿಂಗಪ್ಪನವರ ಆಡಳಿತದ ದಿನಗಳಲ್ಲಿ ಗೇಣಿದಾರನು ಕಾದದ್ದೇ ಹೆಚ್ಚು, ಪಡೆದದ್ದು ಕಡಿಮೆ.

1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತದ್ದು ವೀರೇಂದ್ರ ಪಾಟೀಲರು. 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಡಿಸೆಂಬರ್ 19ರಂದು ಜನತಾ ಬಹುಮತದ ಲೋಕಸಭೆ ಇಂದಿರಾ ಅವರನ್ನು ಸದನದಿಂದ ಉಚ್ಚಾಟಿಸಿ ಜೈಲಿಗೆ ಕಳುಹಿಸಿತು. ಚಿಕ್ಕಮಗಳೂರಿನ ಮತದಾರರು ಆರಿಸಿದ ಪ್ರತಿನಿಧಿ ಎರಡೇ ತಿಂಗಳೊಳಗೆ ಇಲ್ಲವಾದರು. ಮತವನ್ನು ಮರಳಿ ತಂದೆವೆಂದು ಅಧಿಕಾರಕ್ಕೆ ಬಂದವರ ಕೈಯಿಂದಲೇ ಇದು ನಡೆಯಿತು. ಆ ನಿರ್ಣಯವನ್ನು 1981ರಲ್ಲಿ ಲೋಕಸಭೆಯೇ ರದ್ದುಗೊಳಿಸಿತು. ಅಷ್ಟರಲ್ಲಿ ವೀರೇಂದ್ರ ಪಾಟೀಲರೂ ಇಂದಿರಾ ಕಾಂಗ್ರೆಸ್ಸನ್ನು ಸೇರಿಯಾಗಿತ್ತು.

ನಿಜಲಿಂಗಪ್ಪನವರು ಮರಳಿ ಆ ಕಡೆ ಹೋಗಲಿಲ್ಲ. ದಿನಚರಿ ಬರೆಯುವ ಅಭ್ಯಾಸವಿದ್ದ ಅವರು 1969ರ ದಿನಗಳನ್ನೂ ಬರೆದಿಟ್ಟಿದ್ದರು; ಒಡಕಿನ ಚರಿತ್ರೆ ಬರೆದವರು ಆ ಪುಟಗಳನ್ನು ಆಧಾರವಾಗಿ ಬಳಸಿದ್ದಾರೆ. ಎದುರಾಳಿಗಳೂ ಅವರ ಕೈ ಶುದ್ಧವೆಂದು ಒಪ್ಪುತ್ತಿದ್ದರು. ಕೊನೆಯ ವರ್ಷಗಳನ್ನು ಚಿತ್ರದುರ್ಗದಲ್ಲಿ ಕಳೆದು 2000ದ ಆಗಸ್ಟ್ 8ರಂದು, 97ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಚಿತ್ರದುರ್ಗದ ಬಳಿ, ಹೆದ್ದಾರಿಯ ಬದಿಯ ಸೀಬಾರದಲ್ಲಿ ಅವರ ಸ್ಮಾರಕವಿದೆ. ಒಂದೂ ಮತ ಚಲಾಯಿಸದೆ ಅವರನ್ನು ವಿಧಾನಸಭೆಗೆ ಕಳುಹಿಸಿದ ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜೊಂದಕ್ಕೆ ಅವರ ಹೆಸರಿಡಲಾಗಿದೆ.